ಚಿನ್ನದ ಕೊನೆಯ ಚಿಟಿಕೆ

ಜುಲೈ 8, ಸೋಮವಾರ

ಇವತ್ತು ಕಾಟಲಿಂಗಪ್ಪ ಸರ್ ಮಮತಾ ಎಂಬ ಮಹಾತಾಯಿಯ ಗ್ರಾಫನ್ನು ಲ್ಯಾಬಿನ ಗೋಡೆಗೆ ಅಂಟಿಸಿದರು. ಸ್ಟೂಲ್ ಹತ್ತಿ, ತಮ್ಮ ಕೈಯಾರೆ. ನಾಲ್ಕು ವರ್ಷದಲ್ಲಿ ಆ ಗೋಡೆಗೆ ನನ್ನದೊಂದು ಚೀಟಿಯೂ ಏರಿಲ್ಲ. ಬೆಂಕಿ ಬಿದ್ದರೆ ಏನು ಮಾಡಬೇಕು ಅನ್ನುವ ಸೂಚನೆಯೊಂದೇ ಅಲ್ಲಿತ್ತು. ಇವತ್ತು ಬೆಂಕಿ ಬಿದ್ದದ್ದು ನನ್ನ ಹೊಟ್ಟೆಗೆ, ಅದಕ್ಕೆ ಆ ಸೂಚನೆಯಲ್ಲಿ ಮದ್ದು ಬರೆದಿಲ್ಲ.

ಪಕ್ಕದ ಮೇಜಿನಲ್ಲಿ ಬಣ್ಣಗಳ ಮೇಲೆ ಸಂಶೋಧನೆ ಮಾಡುವ ದುರುಗೇಶ್ ಕೆಣಕಲು ಕಾದೇ ಇದ್ದ.

"ಯಮುನಾ, ನಿನ್ ಜೂನಿಯರ್ ಗೆದ್ದಾಳೆ. ಸ್ವೀಟ್ ಕೊಡ್ಸಲ್ವೇನೆ?"

"ಗೆದ್ದೋರನ್ನ ಕೇಳು, ಹೋಗು" ಅಂದೆ.

ಅವಳು ಹಿರಿಯೂರು ಕಡೆಯ ಹಟ್ಟಿಯವಳು, ಕುರಿ ಕಾಯುವವರ ಮನೆಯ ಹುಡುಗಿ. ಬಂದು ಎರಡು ವರ್ಷವೂ ಆಗಿಲ್ಲ. ಇಬ್ಬರದೂ ಒಂದೇ ಕೆಲಸ. ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡಿ ಇದ್ದಿಲ ಪುಡಿಯ ಮೇಲೆ ಕೂರಿಸಬೇಕು. ಆ ಪುಡಿಯನ್ನು ಸೈಕ್ಲೋಆಕ್ಟೀನ್ ಎಂಬ ದ್ರವಕ್ಕೆ ಹಾಕಿ ಬಿಸಿ ಮಾಡುತ್ತಾ ಗಾಳಿ ಊದಬೇಕು. ಗಾಳಿಯಲ್ಲಿರುವ ಆಮ್ಲಜನಕ ಆ ಅಣುವಿನ ಜೋಡಿಬಂಧದ ಮೇಲೆಯೇ ಹೋಗಿ ಕೂರಬೇಕು. ಕೂತರೆ ಎಪಾಕ್ಸೈಡ್, ಅಂಟಿಗೂ ಔಷಧಿಗೂ ಬೇಕಾಗುವ ಮಾಲು. ಬೇರೆ ಕಡೆ ಕೂತರೆ ಕಸ. ಬೇರೆ ಲ್ಯಾಬುಗಳಲ್ಲಿ ಒಂದೆರಡು ಹನಿ ಪೆರಾಕ್ಸೈಡ್ ಹಾಕಿ ಕ್ರಿಯೆಯನ್ನು ಎಬ್ಬಿಸುತ್ತಾರೆ. ನಮ್ಮ ಸರ್‌ಗೆ ಹಟ, ಬರೀ ಗಾಳಿಯಲ್ಲೇ ಆಗಬೇಕು.

ನನ್ನ ಕೈಯಲ್ಲಿ ಕಸವೂ ಆಗುವುದಿಲ್ಲ. ಹಾಕಿದ ದ್ರವ ಹಾಕಿದ ಹಾಗೇ ವಾಪಸು ಬರುತ್ತದೆ. ಅವಳದ್ದು ಜೋಡಿಬಂಧ ಹುಡುಕಿಕೊಂಡು ಹೋಗಿ ಕೂರುತ್ತದಂತೆ. ಕೂರಲಿ.

ಜುಲೈ 11, ಗುರುವಾರ

ಸರ್ ಇಬ್ಬರನ್ನೂ ಕರೆದು ಬೀರುವಿನಿಂದ, ಕಣ ಮಾಡಲು ಬಳಸುವ ಚಿನ್ನದ ಉಪ್ಪಿನ ಶೀಶೆ ತೆಗೆದು ತೋರಿಸಿದರು. ತಳದಲ್ಲಿ ಅರಿಶಿನದಂಥ ಒಂದು ಚಿಟಿಕೆ ಉಳಿದಿದೆ, ಅಷ್ಟೇ. ಪ್ರಾಜೆಕ್ಟ್ ಮುಗಿದಿದೆ, ಹೊಸ ಚಿನ್ನ ಬರುವುದಿಲ್ಲ.

"ಇದನ್ನ ಇಬ್ರಿಗೆ ಹಂಚಿದ್ರೆ ಇಬ್ರಿಗೂ ಸಾಲಲ್ಲ. ಯಾರ ಕೆಲಸ ಗಟ್ಟಿ ಐತೋ ಅವರಿಗೆ ಕೊಡ್ತೀನಿ. ಆಗಸ್ಟ್‌ನಾಗೆ ಹೇಳ್ತೀನಿ" ಅಂದರು.

ಡಿಸೆಂಬರಿಗೆ ನನ್ನ ಫೆಲೋಶಿಪ್ ಮುಗಿಯುತ್ತದೆ. ಕೆಲಸ ಮಾಡುವ ಒಂದು ಪುಡಿ ನನ್ನ ಕೈಯಲ್ಲಿ ಇಲ್ಲದಿದ್ದರೆ ಪ್ರಬಂಧವೂ ಇಲ್ಲ, ಡಾಕ್ಟರೇಟೂ ಇಲ್ಲ. ಅವಳಿಗೆ ಇನ್ನೂ ವರ್ಷಗಳಿವೆ. ಇಷ್ಟು ಸರ್‌ಗೆ ಗೊತ್ತಾಗುವುದಿಲ್ಲವೇ? ಅಲ್ಲಿ ಬಾಯಿ ಬಿಡಲಿಲ್ಲ. ರೂಮಿಗೆ ಬಂದು ಗೋಡೆಗೆ ಹೇಳಿದೆ.

ಹೊಸದುರ್ಗದಿಂದ ಅಮ್ಮನ ಫೋನು. "ಚಿನ್ನದ ಕೆಲಸ ಅಂತೀಯ, ನಾಕು ವರ್ಷ ಆತು, ನಿನ್ ಕೊಳ್ಳಾಗೆ ಒಂದೆಳೆ ಸರ ಕಾಣ್ಲಿಲ್ವಲ್ಲೇ" ಅಂದಳು. ಅವಳಿಗೆ ತಮಾಷೆ.

ಜುಲೈ 20, ಶನಿವಾರ

ಸೈಕ್ಲೋಆಕ್ಟೀನಿನ ಹೊಸ ಬಾಟಲಿ ಬಂತು. ಹೊಸದು ಬಂದರೆ ಸೀಲು ಒಡೆಯುವುದು ಹಿರಿಯರು, ಹಳೆಯದರ ತಳ ಕಿರಿಯರಿಗೆ. ಇದು ನಮ್ಮ ಲ್ಯಾಬಿನ ಶಾಸ್ತ್ರ, ನಾನು ಮಾಡಿದ್ದಲ್ಲ. ಸರ್ ಹತ್ತಿರ ಚಿನ್ನದ ಕೆಲಸಕ್ಕೆ ಸೇರಿದವರಲ್ಲಿ ನಾನೇ ಮೊದಲನೆಯವಳು, ಹಾಗಾಗಿ ಹೊಸದು ಯಾವತ್ತೂ ನನ್ನದೇ. ಅವಳ ಕಣ್ಣೆದುರೇ ಸೀಲು ಒಡೆದೆ. ಸ್ವಲ್ಪ ನಿಧಾನವಾಗಿಯೇ ಒಡೆದೆ.

ಅವಳಿಗೆ ಉಳಿದಿರುವುದು ವರ್ಷಗಟ್ಟಲೆ ಕಪಾಟಿನಲ್ಲಿ ಕೂತು ಹಳದಿಗೆ ತಿರುಗಿದ ಬಾಟಲಿ. ಅದನ್ನು ದಿನಾ ಬೆಳಿಗ್ಗೆ ಬಂದು, ಗಾಜಿನ ಕೊಳವೆಯಲ್ಲಿ ಅಲ್ಯೂಮಿನಾ ಎಂಬ ಬಿಳಿ ಪುಡಿ ತುಂಬಿ, ಹನಿಹನಿಯಾಗಿ ಇಳಿಸಿ ಸೋಸುತ್ತಾಳೆ. ಮಡಿ ಹೆಂಗಸರು ನೀರು ಸೋಸಿದ ಹಾಗೆ.

"ಏನಮ್ಮ, ಪೂಜೆ ಆತಾ?" ಅಂದೆ.

"ಹಳೇದಲ್ವೇನಕ್ಕ, ಕಣ್ಣಿಗೇ ಗಲೀಜು ಕಾಣ್ತೈತೆ. ಸೋಸಿದ್ರೆ ಒಂದು ಸಮಾಧಾನ" ಅಂದಳು, ನಗುತ್ತಾ. ನಾನು ಹಂಗಿಸಿದ್ದು ಅಂತ ಅವಳಿಗೆ ಗೊತ್ತಾಗುವುದೂ ಇಲ್ಲ. ಅದೂ ಒಂದು ಸಿಟ್ಟು.

ಜುಲೈ 31, ಬುಧವಾರ

ಗುಟ್ಟು ಅವಳ ಇದ್ದಿಲಿನಲ್ಲಿದೆ ಅಂತ ನನಗೆ ಅನುಮಾನವಿತ್ತು. ನಾನು ಬಳಸುವುದು ಕಂಪನಿಯ ಇದ್ದಿಲು. ಅವಳು ಹಟ್ಟಿಯಿಂದ ಶೇಂಗಾ ಸಿಪ್ಪೆ ಚೀಲದಲ್ಲಿ ತಂದು ಕುಲುಮೆಯಲ್ಲಿ ಸುಟ್ಟು ತಾನೇ ಮಾಡಿಕೊಳ್ಳುತ್ತಾಳೆ. ಹೋದ ವಾರ ಅವಳು ಊಟಕ್ಕೆ ಹೋದಾಗ ಡಬ್ಬಿಯಿಂದ ಎರಡು ಚಮಚ ತೆಗೆದುಕೊಂಡೆ. ಕದ್ದೆ ಅಂತ ಬರೆಯಬೇಕೇನೋ. ಇದ್ದಿಲನ್ನು ಯಾರೂ ಕದಿಯುವುದಿಲ್ಲ, ತೆಗೆದುಕೊಳ್ಳುತ್ತಾರೆ.

ನನ್ನ ಪಾಲಿಗೆ ಮೊದಲೇ ಸಿಕ್ಕಿ ಉಳಿದಿದ್ದ ಚೂರು ಚಿನ್ನವನ್ನು ಅದರ ಮೇಲೆ ಕೂರಿಸಿದೆ. ಹೊಸ ಬಾಟಲಿಯ ದ್ರವ, ಅದೇ ಶಾಖ, ಅದೇ ಗಾಳಿ. ಇವತ್ತು, ದ್ರವದಲ್ಲಿ ಏನೇನಿದೆ ಅಂತ ಬಿಡಿಸಿ ತೋರಿಸುವ ಜಿ.ಸಿ. ಯಂತ್ರಕ್ಕೆ ಒಂದು ಹನಿ ಕೊಟ್ಟು ಪರದೆಯ ಮುಂದೆ ಕೂತೆ. ಎಪಾಕ್ಸೈಡ್ ಹುಟ್ಟಿದ್ದರೆ ಒಂದು ಶಿಖರ ಏಳಬೇಕು. ಗೆರೆ ನೆಟ್ಟಗೆ ಮಲಗಿತ್ತು.

ಅಲ್ಲಿಗೆ ಇದ್ದಿಲೂ ಅಲ್ಲ. ಹಾಗಾದರೆ ಅವಳ ಗ್ರಾಫು ಸುಳ್ಳು. ಇಷ್ಟು ದಿನ ಇದು ನನಗೆ ಹೊಳೆಯಲಿಲ್ಲವಲ್ಲ! ತುಂಬಾ ದಿನದ ಮೇಲೆ ಇವತ್ತು ಹಸಿವಾಯಿತು, ಮೆಸ್ಸಿನಲ್ಲಿ ಎರಡು ಮುದ್ದೆ ಉಂಡೆ.

ಆಗಸ್ಟ್ 6, ಮಂಗಳವಾರ

ಸರ್‌ಗೆ ಹೇಳಿದೆ. ಸುಳ್ಳು ಅನ್ನಲಿಲ್ಲ. "ಕೊನೇ ಚಿನ್ನ ಕೊಡೋ ಮುಂಚೆ ಎಲ್ಲರ ಎದುರಿಗೆ ಒಂದ್ಸಲ ಮಾಡಿ ತೋರಿಸ್ಲಿ ಸರ್, ಅವಳಿಗೇ ಒಳ್ಳೇದು" ಅಂದೆ. ಎಷ್ಟು ಮೆತ್ತಗೆ ಬಂತು ಮಾತು!

ಆಗಸ್ಟ್ 10, ಶನಿವಾರ

ಆಯಿತು.

ಬೆಳಿಗ್ಗೆಯೇ ಎಲ್ಲರೂ ಸೇರಿದ್ದೆವು. ಅವಳು ತನ್ನ ಪುಡಿ ತಂದಳು. ಹಳೆಯ ಬಾಟಲಿಗೆ ಕೈ ಹಾಕಿದಾಗ ನಾನೇ ತಡೆದೆ. "ಪರೀಕ್ಷೆ ಅಂದ್ಮೇಲೆ ಎಲ್ಲಾ ಚೊಕ್ಕ ಇರ್ಲಿ. ನನ್ನ ಹೊಸ ಬಾಟ್ಲಿ ತಗ" ಅಂದೆ. ದಾನ ಮಾಡುವ ಗತ್ತಿನಲ್ಲೇ ಅಂದೆ. ಸರ್ ಮೆಚ್ಚಿಕೊಂಡು ತಲೆ ಆಡಿಸಿದರು. ಅವಳು ಅಭ್ಯಾಸಬಲದಿಂದ ಗಾಜಿನ ಕೊಳವೆ ಹುಡುಕಿದಳು.

"ಸೀಲ್ ಬಾಟ್ಲಿದನ್ನ ಏನಂತ ಸೋಸ್ತೀಯ? ಹೊತ್ತಾಗ್ತೈತೆ" ಅಂದೆ.

ಅವಳು ಕೊಳವೆ ಕೆಳಗಿಟ್ಟಳು.

ಸಂಜೆ ಯಂತ್ರದಲ್ಲಿ ಗೆರೆ ಮಲಗಿತ್ತು, ನನ್ನ ಗೆರೆಯ ಹಾಗೇ. ಅವಳು ಇನ್ನೊಂದು ಹನಿ ಕೊಟ್ಟಳು, ಮತ್ತೊಂದು ಕೊಟ್ಟಳು. ಸರ್ ಪರದೆಗೆ ಬಗ್ಗಿ ನೋಡಿದರು. ಆಮೇಲೆ, "ಗೋಡೆಗೆ ಹಾಕ್ಸಿಕೊಂಡ್ಯಲ್ಲಮ್ಮ, ಎಲ್ಲಿಂದ ತಂದೆ ಆ ನಂಬರ್‌ನ?" ಅಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ.

"ಬಂದಿತ್ತು ಸರ್. ನನ್ನಾಣೆ ಬಂದಿತ್ತು" ಅಂದಳು.

"ಆಣೆ ಎಲ್ಲಾ ದೇವಸ್ಥಾನದಾಗೆ."

ಗ್ರಾಫನ್ನು ಅವರೇ ಕಿತ್ತರು. ಶೀಶೆ ನನಗೆ ಕೊಟ್ಟರು. ಗೆದ್ದೆ. ಗೆದ್ದೆ ಅಂತ ಇನ್ನೊಂದು ಸಲ ಬರೆಯುತ್ತೇನೆ, ಯಾಕೋ ಮೊದಲನೆಯದು ಸಪ್ಪೆಯಾಗಿ ಕಾಣುತ್ತಿದೆ.

ಆಗಸ್ಟ್ 14, ಬುಧವಾರ

ಅವಳು ಬರುತ್ತಿಲ್ಲ. ಒಳ್ಳೆಯದೇ ಆಯಿತು, ಮೇಜು ಅಗಲವಾಗಿದೆ.

ಆಗಸ್ಟ್ 23, ಶುಕ್ರವಾರ

ಕೊನೆಯ ಚಿಟಿಕೆ ಕರಗಿಸಿದೆ. ಚಿನ್ನವನ್ನು ಕಣವಾಗಿಸುವ ರಾಸಾಯನಿಕ ಹಳದಿ ನೀರಿಗೆ ಬಿದ್ದ ಕೂಡಲೇ ಬೀಟ್‌ರೂಟ್ ಸಾರಿನ ಬಣ್ಣ ಬಂತು. ಅವಳು ಬಿಟ್ಟುಹೋದ ಶೇಂಗಾ ಇದ್ದಿಲನ್ನೇ ಹಾಕಿ ತಿರುಗಿಸುತ್ತಾ ಹೋದ ಹಾಗೆ ಕೆಂಪೆಲ್ಲ ಇದ್ದಿಲಿಗೆ ಇಳಿದು ನೀರು ತಿಳಿಯಾಯಿತು. ಎಷ್ಟು ಸಲ ಮಾಡಿದರೂ ಇದು ನೋಡಲು ಚೆಂದ. ತಿರುಗಿ, ನೋಡೇ, ಅನ್ನಲು ಹೋದೆ. ದುರುಗೇಶ್ ಮೊಬೈಲ್ ನೋಡುತ್ತಿದ್ದ.

ಅವನೇ ಹೇಳಿದ್ದು, ಮಮತಾ ಪಿಎಚ್.ಡಿ. ಬಿಡುತ್ತಾಳಂತೆ. ಹಿರಿಯೂರಿನಲ್ಲಿ ಯಾವುದೋ ಟ್ಯೂಷನ್ ಸೆಂಟರಿಗೆ ಸೇರುತ್ತಾಳಂತೆ.

ಆಗಸ್ಟ್ 27, ಮಂಗಳವಾರ

ಕೊನೆಯ ಚಿನ್ನದ ಪುಡಿಯೂ ಕೆಲಸ ಮಾಡಲಿಲ್ಲ. ಗೆರೆ ಮಲಗಿದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ದೂರಲು ನೆಲವೂ ಇಲ್ಲ, ಪಕ್ಕದಲ್ಲಿ ಅವಳೂ ಇಲ್ಲ.

ಸೆಪ್ಟೆಂಬರ್ 3, ಮಂಗಳವಾರ

ಮೊನ್ನೆಯಿಂದ ನಡೆದದ್ದನ್ನು ಸಾವಕಾಶವಾಗಿ ಬರೆಯಬೇಕು, ಇಲ್ಲದಿದ್ದರೆ ನಾನೇ ನಂಬುವುದಿಲ್ಲ.

ನನ್ನ ಬಾಟಲಿಯಲ್ಲಿ ಒಂದು ಸಲಕ್ಕೂ ಸಾಲದಷ್ಟು ಉಳಿದಿತ್ತು. ಅದೇ ಪುಡಿಯನ್ನು ತೊಳೆದು ಒಣಗಿಸಿ ಮತ್ತೆ ಬಳಸಬಹುದು, ಆದರೆ ದ್ರವ ಬೇಕಲ್ಲ. ಬೇರೆ ದಾರಿಯಿಲ್ಲದೆ ಮಮತಾಳ ಹಳೆಯ ಬಾಟಲಿ ತೆಗೆದೆ. ಹಳದಿ ಬಣ್ಣ, ಬಾಯಿಯ ಸುತ್ತ ಅಂಟು. ಮುಟ್ಟಲು ಅಸಹ್ಯವಾಯಿತು. ಅವಳ ಕೊಳವೆ ಅಲ್ಲೇ ಸ್ಟ್ಯಾಂಡಿನಲ್ಲಿತ್ತು, ಬಿಳಿ ಪುಡಿ ತುಂಬಿ ಸೋಸಿದೆ.

ಸಂಜೆ ಯಂತ್ರದಲ್ಲಿ ಶಿಖರ ಎದ್ದಿತ್ತು. ಗೋಡೆಯ ಮೇಲಿದ್ದ ಅವಳ ಗ್ರಾಫಿನದೇ ಶಿಖರ.

ಮೊದಲು ಕುಣಿಯಬೇಕೆನಿಸಿತು. ಆಮೇಲೆ ಆಗಸ್ಟ್ 10ರ ಪುಟ ತಿರುವಿ ಓದಿದೆ. ಇವತ್ತು ನನ್ನ ಬಾಟಲಿಯಲ್ಲಿ ಉಳಿದಿದ್ದನ್ನು ಎರಡು ಪಾಲು ಮಾಡಿ ಸಣ್ಣ ಪ್ರನಾಳಗಳಲ್ಲಿ ಹಾಕಿದೆ. ಎರಡಕ್ಕೂ ಅದೇ ಪುಡಿ. ಒಂದನ್ನು ಸೋಸಿದ್ದೆ, ಇನ್ನೊಂದನ್ನು ಸೋಸಿರಲಿಲ್ಲ. ಸೋಸಿದ್ದು ಎದ್ದಿತು, ಸೋಸದ್ದು ಮಲಗಿತು. ಚಿನ್ನವಿಲ್ಲದ ಬರೀ ಇದ್ದಿಲಿಗೆ ಸೋಸಿದ ದ್ರವ ಹಾಕಿಯೂ ನೋಡಿದೆ, ಅದೂ ಮಲಗಿತು. ಕೆಲಸ ಮಾಡುತ್ತಿರುವುದು ಚಿನ್ನವೇ.

ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಎಲ್ಲರಿಗೂ ಕಾಣುವಂತೆಯೇ ಅಚ್ಚಾಗಿದೆ, ಕೆಡದಂತೆ ಸ್ಟೆಬಿಲೈಸರ್ ಸೇರಿಸಿದ್ದೇವೆ ಅಂತ. ಗಾಳಿ ಹತ್ತಬಾರದು ಅಂತ ಕಂಪನಿಯವರು ಹಾಕಿದ ಮದ್ದು. ಗಾಳಿ ಹತ್ತಲಿ ಅಂತ ನಾನು ನಾಲ್ಕು ವರ್ಷ ಊದಿದ್ದೇ ಊದಿದ್ದು. ಬಿಳಿ ಪುಡಿ ಆ ಮದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊಳಕು ತೆಗೆಯುತ್ತೇನೆ ಅಂದುಕೊಂಡು ಅವಳು ಮದ್ದನ್ನು ತೆಗೆಯುತ್ತಿದ್ದಳು, ಅವಳಿಗೂ ಗೊತ್ತಿರಲಿಲ್ಲ. ಹೊಸದೇ ಬೇಕು ಅಂತ ಹಟ ಹಿಡಿದು ನಾನು ಮದ್ದನ್ನೇ ಕಾಪಾಡಿಕೊಂಡು ಬಂದೆ.

ಆವತ್ತು ಅವಳು ಕೊಳವೆ ಹುಡುಕಿದ್ದಳು.

ಸೆಪ್ಟೆಂಬರ್ 9, ಸೋಮವಾರ

ಗಣೇಶನ ಹಬ್ಬಕ್ಕೆ ಹೊಸದುರ್ಗಕ್ಕೆ ಹೋಗಿ ಬಂದೆ. ಅಮ್ಮ ಬಡಿಸಿದ ಕಡುಬನ್ನು ಎಲೆಯಲ್ಲೇ ಬಿಟ್ಟೆ.

ಯಾರಿಗೂ ಹೇಳಿಲ್ಲ. ಹೇಳಬೇಕಾದ ಅಗತ್ಯವೇನು? ಪುಡಿ ನನ್ನದು, ಕಾರಣ ಕಂಡುಹಿಡಿದವಳು ನಾನು. ಅಧ್ಯಾಯ ಸಲೀಸಾಗಿ ಬರೆಯಬಹುದು. ಡಿಸೆಂಬರಿಗೆ ಸರಿಯಾಗಿ ಮುಗಿಯುತ್ತದೆ. ಅವಳು ಹೇಗೂ ಬಿಟ್ಟು ಹೋದವಳು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಗಿದೆ, ಉಗುಳಲೂ ಆಗದು, ನುಂಗಲೂ ಆಗದು.

ಅಮ್ಮ ಕೇಳಿದಳು, "ಆ ಹುಡುಗೀನ ಬೈತಿದ್ಯಲ್ಲ, ಏನಾದ್ಲು ಅವಳು?" ಗೊತ್ತಿಲ್ಲ ಅಂದೆ. "ಬೈಯೋಕೆ ಜನ ಇಲ್ದೆ ಸೊರಗಿದೀಯ ಬಿಡು" ಅಂದಳು. ಅಮ್ಮಂದಿರಿಗೆ ಏನೂ ತಿಳಿಯುವುದಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಹಿರಿಯೂರಿಗೆ ಹೋಗಿದ್ದೆ. ಯಾಕೆ ಹೋದೆ ಅಂದರೆ ಅವಳ ಇದ್ದಿಲ ಡಬ್ಬಿ ಲ್ಯಾಬಿನಲ್ಲೇ ಉಳಿದಿತ್ತು, ಕೊಟ್ಟು ಬರೋಣ ಅಂತ. ಊರಿಂದ ಆಟೋದಲ್ಲಿ ಹಟ್ಟಿ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು.

ಅವಳ ತಾಯಿ ಕಾಳಕ್ಕ ಕುರಿ ಕೂಡುವ ರೊಪ್ಪದಲ್ಲಿ ಮರಿಗಳಿಗೆ ಸೊಪ್ಪು ಹಾಕುತ್ತಿದ್ದರು. "ಬರ್ರಿ, ಕುಂತ್ಕಳ್ರಿ. ಕಾಲೇಜಿನೋರಾ? ಏ ಮಮತಾ, ನಿಮ್ ಮೇಡಮ್ಮು ಬಂದವ್ರೆ" ಅಂತ ಕೂಗಿದರು. ಮಜ್ಜಿಗೆ ಕೊಟ್ಟರು. "ನಮ್ ಹುಡುಗಿ ಏನು ತಪ್ಪು ಮಾಡೈತ್ರಿ? ಕೇಳಿದ್ರೆ ಬಾಯೇ ಬಿಡಲ್ದು" ಅಂದರು. ಏನೂ ಮಾಡಿಲ್ಲ ಅಂದೆ.

ಮಮತಾ ಹೊರಗೆ ಬಂದಳು. ನನ್ನನ್ನು ನೋಡಿ ಮುಖ ಗಂಟಾಯಿತು. ಜಾಲಿ ಮರದ ಕೆಳಗೆ ನಿಂತು ಎಲ್ಲ ಹೇಳಿದೆ, ಮದ್ದು, ಬಿಳಿ ಪುಡಿ, ಎದ್ದ ಶಿಖರ, ಮಲಗಿದ ಗೆರೆ.

"ಹಂಗಾರೆ ನಂದು ಸುಳ್ಳಲ್ಲ" ಅಂದಳು ಕೊನೆಗೆ.

"ಅಲ್ಲ."

"ಆವತ್ತು ಬಾಟ್ಲಿ ಬದಲಾಯಿಸಿದ್ರಲ್ಲ ಅಕ್ಕ, ಬೇಕಂತಲೇನ?"

"ಇಲ್ಲ ಮಾರಾಯ್ತಿ, ನಂಗೂ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ ಸರಿ. ಗೆರೆ ಮಲಗಿದಾಗ ನಿಮಗೆ ಕುಶಿ ಆತಾ?"

ಇಂಥ ಪ್ರಶ್ನೆ ಯಾರಾದರೂ ಕೇಳುತ್ತಾರೆಯೇ? "ಆತು" ಅಂದೆ.

ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. "ನಮ್ಮಪ್ಪ ಊರೆಲ್ಲ ಹೇಳ್ಕಂಡು ಬಂದಿದ್ದ, ಮಗಳ ಚಿತ್ರ ಗೋಡೆಗೆ ಹಾಕವ್ರೆ ಅಂತ. ಕಿತ್ತಾಕಿದ್ದನ್ನ ನಾನು ಇನ್ನೂ ಹೇಳಿಲ್ಲ. ನೀವು ಇಲ್ಲಿ ಮರದ ಬುಡದಾಗೆ ನನ್ನೊಬ್ಬಳಿಗೆ ಹೇಳಿದ್ರೆ ಆಗಲ್ಲ. ಕಿತ್ತಿದ್ದು ಎಲ್ಲರ ಎದುರಿಗೆ, ಹೇಳೋದೂ ಎಲ್ಲರ ಎದುರಿಗೆ. ಆಗ ಬರ್ತೀನಿ" ಅಂದಳು.

ಎಷ್ಟು ಜಂಬ! ಬಿಸಿಲಲ್ಲಿ ಅಷ್ಟು ದೂರ ಹೋದವಳಿಗೆ ಒಂದು ನಗು ಇಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದುಕೊಂಡೆ. ವಾಪಸು ಚಿತ್ರದುರ್ಗದಲ್ಲಿ ಇಳಿದಾಗ ನೋಡಿದರೆ ಇದ್ದಿಲ ಡಬ್ಬಿ ನನ್ನ ತೊಡೆಯ ಮೇಲೆಯೇ ಇತ್ತು.

ಸೆಪ್ಟೆಂಬರ್ 21, ಶನಿವಾರ

ವಾರದ ಸಭೆಯಲ್ಲಿ ಹೇಳಿದೆ. ಬೋರ್ಡಿನ ಮೇಲೆ ಬರೆದು ಹೇಳಿದೆ, ಬೋರ್ಡಿಗೆ ಮುಖ ಮಾಡಿದರೆ ಜನರ ಮುಖ ನೋಡುವುದು ತಪ್ಪುತ್ತದೆ. ನಾನೇ ಫೋನು ಮಾಡಿ ಕರೆಸಿದ್ದ ಮಮತಾ ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

ಸರ್ ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಎದ್ದು ಹಿಂದಿನ ಬೆಂಚಿನ ತನಕ ಹೋಗಿ, "ತಪ್ಪಾತಮ್ಮ. ಆಣೆ ಹಾಕಿದಾಗ್ಲಾದ್ರೂ ನಂಬಬೇಕಿತ್ತು" ಅಂದರು. ಅವಳು ಗಾಬರಿಯಾಗಿ ಎದ್ದು ನಿಂತಳು.

ಅವಳ ಕೆಲಸ ಗಟ್ಟಿಯಾಗಬೇಕಾದರೆ ಮತ್ತೆ ಮತ್ತೆ ಮಾಡಿ ತೋರಿಸಬೇಕು. ಅವಳ ಪುಡಿ ಮುಗಿಯುತ್ತಾ ಬಂದಿದೆ, ಚಿನ್ನವೆಲ್ಲ ನನ್ನ ಪುಡಿಯಲ್ಲಿದೆ. ಸರ್ ನನ್ನ ಮುಖ ನೋಡಿದರು. "ನಿಂಗೆ ಕೊಟ್ಟಿದ್ದು ನಿಂದೇ. ನಾನು ವಾಪಸ್ ಕೇಳಲ್ಲ" ಅಂದರು.

ಪುಡಿ ತುಂಬಿಟ್ಟಿದ್ದ ಶೀಶೆಯನ್ನು ಅವಳ ಮೇಜಿನ ಮೇಲೆ ಇಟ್ಟು ಬಂದೆ. ಇಟ್ಟ ಮೇಲೆ ಹೊಟ್ಟೆ ಉರಿಯಿತು, ಇಲ್ಲ ಅನ್ನುವುದಿಲ್ಲ. ಕ್ರಿಯೆ ಯಾಕೆ ಆಗುವುದಿಲ್ಲ ಅನ್ನುವುದನ್ನೇ ಒಂದು ಅಧ್ಯಾಯ ಮಾಡು ಅಂದಿದ್ದಾರೆ ಸರ್. ಆಗದಿರುವುದರಲ್ಲಿ ನನ್ನಷ್ಟು ಅನುಭವ ಯಾರಿಗಿದೆ?

ಅಕ್ಟೋಬರ್ 10, ಗುರುವಾರ

ನಾಳೆ ಆಯುಧಪೂಜೆ. ಯಂತ್ರ ಒರೆಸಿ ಕುಂಕುಮ ಇಟ್ಟೆವು. ಮಮತಾ ಗಾಜಿನ ಕೊಳವೆಗೂ ಹೂ ಸಿಕ್ಕಿಸಿದಳು. ಅವಳ ಶಿಖರಗಳು ನನ್ನದಕ್ಕಿಂತ ಎತ್ತರ ಬರುತ್ತಿವೆ. ಅದೇ ಪುಡಿ! ಕೈಗುಣ ಅಂತಾನೆ ದುರುಗೇಶ್. ಮಣ್ಣು. ನಾನು ಕಲಕುವ ವೇಗ ಕಡಿಮೆ, ನಾಳಿದ್ದು ಹೆಚ್ಚಿಸಿ ನೋಡಬೇಕು.

ನವೆಂಬರ್ 19, ಮಂಗಳವಾರ

ನಮ್ಮಲ್ಲೇ ಸೆಮಿನಾರು ಇತ್ತು. ಬೆಂಗಳೂರಿನಿಂದ ದೊಡ್ಡ ವಿಜ್ಞಾನಿಯೊಬ್ಬರು ಬಂದಿದ್ದರು. ಮಾತಾಡಿದ್ದು ಮಮತಾ. ನೀಲಿ ಸೀರೆ ಉಟ್ಟಿದ್ದಳು, ಸೆರಗಿಗೆ ಪಿನ್ನು ಹಾಕಿದ್ದು ನಾನು. ಇಲ್ಲದಿದ್ದರೆ ಮಾತಾಡುವಷ್ಟೂ ಹೊತ್ತು ಎಳೆದುಕೊಳ್ಳುತ್ತಾ ನಿಲ್ಲುತ್ತಿದ್ದಳು. ನನಗೆ ಯಾವತ್ತು ಅಷ್ಟು ಹೊತ್ತು ಮೈಕು ಕೊಟ್ಟಿದ್ದರು? ಮೂರನೆಯ ಸಾಲಿನಲ್ಲಿ ಕೂತು ಹಲ್ಲು ಕಚ್ಚಿಕೊಂಡು ಕೇಳಿದೆ. ಎಲ್ಲೂ ತಡವರಿಸಲಿಲ್ಲ.

ಮುಗಿದ ಮೇಲೆ ಆ ದೊಡ್ಡವರು ಕಾಲ ಮೇಲೆ ಕಾಲು ಹಾಕಿಕೊಂಡೇ ಕೇಳಿದರು. "ಶೇಂಗಾ ಸಿಪ್ಪೆ, ಬರೀ ಗಾಳಿ, ಇಷ್ಟೊಂದು ಎಪಾಕ್ಸೈಡು. ಕೇಳೋಕೆ ಚೆನ್ನಾಗಿದೆಯಮ್ಮ. ಬೇರೆ ಯಾರಾದ್ರೂ ಮಾಡಿ ನೋಡಿದಾರಾ, ಇಲ್ಲ ನಿನ್ನ ಕೈಗೆ ಮಾತ್ರ ಬರೋದಾ?"

ಕೆಲವರು ನಕ್ಕರು. ಮಮತಾ ಪಿನ್ನು ಹಾಕಿದ ಸೆರಗನ್ನೇ ಎಳೆದುಕೊಂಡಳು. ಗೆರೆ ಮಲಗಿದ ಸಂಜೆಯ ಮುಖವೇ ಮತ್ತೆ ಬಂತು. ಮಾಡಿ ನೋಡದವರು ಹೀಗೆ ಕಾಲಾಡಿಸುತ್ತಾ ಕೇಳಬಹುದೇ? ನಾನು ಎದ್ದು ನಿಂತಿದ್ದು ನಿಂತ ಮೇಲೆ ಗೊತ್ತಾಯಿತು.

"ನಾನು ಮಾಡಿ ನೋಡಿದೀನಿ ಸರ್" ಅಂದೆ.

"ನೀವು ಇವರ ಸ್ನೇಹಿತೆಯಾ?"

"ಅಲ್ಲ ಸರ್. ಇದು ಸುಳ್ಳಾಗ್ಲಿ ಅಂತ ಈ ಜಿಲ್ಲೆಯಾಗೆ ನನ್ನಷ್ಟು ಆಸೆಪಟ್ಟೋರು ಯಾರೂ ಇಲ್ಲ. ಎಲ್ಲಾ ಥರ ಮಾಡಿ ನೋಡಿದೆ. ಸುಳ್ಳಾಗ್ಲಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ದೊಡ್ಡವರು ಕಾಲು ಇಳಿಸಿ ಏನೋ ಬರೆದುಕೊಂಡರು. ಮಮತಾ ನಗಲಿಲ್ಲ. ಮೈಕಿನಲ್ಲೇ, "ಮುಂದಿನ ಪ್ರಶ್ನೆ ಯಾರದಾದ್ರೂ ಐತೇನ್ರಿ?" ಅಂತ ಕೇಳಿದಳು, ಸಭಾಂಗಣ ಅವಳಪ್ಪನದೇ ಅನ್ನುವ ಹಾಗೆ.